ಹೋಗಲೆಂದು ಉಳಿಸಿದ್ದು

ಕನ್ಯೆ ನೋಡಲು ಬಂದವನ ತಲೆಯ ಮೇಲೆ ತಿರುಗುತ್ತಿದ್ದ ಫ್ಯಾನನ್ನು ದಾನೇಶ್ವರಿ ಆರಿಸಿಬಿಟ್ಟಳು.

ಅವಮಾನ ಮಾಡಬೇಕೆಂದಲ್ಲ. ಫೋನ್ ಬಂತೆಂದು ಕಲ್ಮೇಶ ಎದ್ದು ಅಂಗಳಕ್ಕೆ ಹೋಗಿದ್ದ. ಅವನ ಅಪ್ಪ ಭೀಮಪ್ಪ ಕೈ ತೊಳೆಯಲು ಹಿತ್ತಲಿಗೆ ನಡೆದಿದ್ದರು. ಮುಧೋಳದ ಆ ಪುಟ್ಟ ಮನೆಯ ಪಡಸಾಲೆಯಲ್ಲಿ ಉಳಿದದ್ದು ಚುರುಮುರಿಯ ತಾಟುಗಳು ಮತ್ತು ಅವಳು. ತಾಟುಗಳಿಗೆ ಗಾಳಿ ಬೇಕಿರಲಿಲ್ಲ. ಕೈ ತಾನಾಗಿ ಸ್ವಿಚ್ಚಿನ ಕಡೆ ಹೋಯಿತು.

ತಿರುಗಿ ಬಂದವನು ಮೊದಲು ಮೇಲೆ ನೋಡಿದ. ಆಮೇಲೆ ಅವಳನ್ನು.

"ಕರೆಂಟ್ ಹೋತೇನ್ರಿ?"

"ಇಲ್ರಿ. ಮಂದಿ ಹೋಗಿದ್ರು."

"ಈಗ ಬಂದೇವಲ್ಲ."

ಅವಳು ಮತ್ತೆ ಹಾಕಿದಳು. ಹಾಕುವಾಗ ಐದರ ಮೇಲಿದ್ದ ರೆಗ್ಯುಲೇಟರನ್ನು ಎರಡಕ್ಕೆ ತಂದಿಟ್ಟಳು. ಅವನು ಅದನ್ನೂ ನೋಡಿದ. ತುಟಿಯ ಎಡಮೂಲೆ ಒಂದಿಷ್ಟು ಮೇಲೆದ್ದಿತು. ನಗುವನ್ನು ಅಲ್ಲೇ ತಡೆದು ಚುರುಮುರಿಗೆ ಕೈ ಹಾಕಿದ.

ದಾನೇಶ್ವರಿಯ ಕಣ್ಣಿಗೆ ಯಾವುದೂ ತಪ್ಪುತ್ತಿರಲಿಲ್ಲ. ಅವನ ಅಂಗಿಯ ಮಡಿಕೆಯ ಗೆರೆ ಇನ್ನೂ ಹೋಗಿಲ್ಲ. ಅಂದರೆ ಇವತ್ತಿಗೆಂದೇ ಕೊಂಡದ್ದು. ಬನಹಟ್ಟಿಯಿಂದ ಮುಧೋಳಕ್ಕೆ ಬೇಕಾದಷ್ಟು ಬಸ್ಸುಗಳಿರುವಾಗ ಹೊರಗೆ ಬಾಡಿಗೆ ಕಾರು ನಿಂತಿದೆ.

"ಇಬ್ಬರು ಬರಾಕ ಕಾರ್ ಮಾಡಿದ್ರೇನ್ರಿ?"

"ಹೊಳ್ಳಿ ಹೋಗೂ ಮುಂದ ಮೂರ ಮಂದಿ ಆಗ್ತೇವೇನೋ ಅಂತ."

ಅವಳ ಕಿವಿಗಳು ಬಿಸಿಯಾದವು. ಸಿಟ್ಟಿಗೆ, ಎಂದು ತನಗೆ ತಾನೇ ಹೇಳಿಕೊಂಡಳು.

ಕಾರು ಹೋದ ಮೇಲೆ ಈ ಸಂಬಂಧ ಬೇಡವೆಂದಳು. ತಾಟು ಎತ್ತುತ್ತಿದ್ದ ಅವ್ವ ಕಸ್ತೂರೆವ್ವ ಹಾಗೇ ನಿಂತಳು.

"ಯಾಕ ಬೇ?"

"ರೊಕ್ಕ ನೀರಿನಂಗ ಚೆಲ್ಲಾವ ಕಾಣ್ತಾನ."

"ಫ್ಯಾನ್ ಆರಿಸಿದ್ರೂ ನಕ್ಕಾನ. ನಿಮ್ಮಪ್ಪಗ ಹಂಗ ಮಾಡಿದ್ರ ಏನಾಗ್ತಿತ್ತು, ನೆನಸ್ಕೊ."

ಅವಳು ಮರೆತಿದ್ದರೆ ತಾನೇ ನೆನೆಸಿಕೊಳ್ಳುವುದು? ದಾನೇಶ್ವರಿ ಎರಡನೆಯ ಇಯತ್ತೆಯಲ್ಲಿದ್ದಾಗ ಅವರ ಮನೆ ಲೋಕಾಪುರದಲ್ಲಿತ್ತು. ಒಂದು ಮಧ್ಯಾಹ್ನ ಅಪ್ಪ ಅವ್ವನನ್ನು ಹೊರಗೆ ನೂಕಿ ಕದ ಹಾಕಿಕೊಂಡ. ಸಾರಿಗೆ ಉಪ್ಪು ಹೆಚ್ಚಾಗಿತ್ತೋ, ಕಡಿಮೆಯಾಗಿತ್ತೋ. ಅವ್ವ ಮಗಳ ಕೈ ಹಿಡಿದು ಬಸ್ ಸ್ಟ್ಯಾಂಡಿಗೆ ಬಂದಳು, ತವರಿನ ಬಸ್ಸು ಹತ್ತಿದಳು. ಕಂಡಕ್ಟರ್ ಟಿಕೆಟ್ ಕೇಳಿದ. ಸೊಂಟದಲ್ಲಿ ಏನೂ ಇರಲಿಲ್ಲ. ಇಳಿಸಿದ. ತಾಯಿ ಮಗಳು ಕಟ್ಟೆಯ ಮೇಲೆ ಕೂತರು. ಬಸ್ಸುಗಳು ಬಂದವು, ಹೋದವು. ಹೊತ್ತು ಮುಳುಗುವ ಮುಂಚೆ ಅವ್ವ ಎದ್ದು, ಬಂದ ದಾರಿಯಲ್ಲೇ ನಡೆದು, ಅದೇ ಕದ ಬಡಿದಳು. ಅಪ್ಪ ಸಾಯುವವರೆಗೂ ಅಲ್ಲೇ ಇದ್ದಳು. ಊರವರು ಅದಕ್ಕೆ ಸಂಸಾರ ಎಂದರು.

ಬಿ.ಕಾಂ. ತರಗತಿಯಲ್ಲಿ ಮೇಷ್ಟ್ರು ಉಳಿತಾಯಕ್ಕೆ ಕಾರಣಗಳನ್ನು ಬರೆಸಿದ್ದರು: ಮುಪ್ಪು, ರೋಗ, ಮಕ್ಕಳ ಓದು. ದಾನೇಶ್ವರಿಗೆ ಗೊತ್ತಿದ್ದ ಕಾರಣ ಪಠ್ಯದಲ್ಲಿರಲಿಲ್ಲ.

ಅವ್ವನ ಒತ್ತಾಯಕ್ಕೆ ಕಡೆಗೂ ಅವಳು ಹೂಂ ಅಂದಳು. ಒಂದು ಮಾತನ್ನು ಮಾತ್ರ ಯಾರಿಗೂ ಹೇಳದೆ ಒಳಗಿಟ್ಟುಕೊಂಡಳು. ಆ ಮನೆಗೆ ಕಾಲಿಟ್ಟ ದಿನದಿಂದಲೇ ಅಲ್ಲಿಂದ ಹೊರಡುವ ರೊಕ್ಕ ಕೂಡಿಸಬೇಕು. ಹೊರಡಲೇಬೇಕೆಂದಲ್ಲ. ಹೊರಡಲು ಬರುವಂತಿರಬೇಕು.

*

ಬನಹಟ್ಟಿಯಲ್ಲಿ ಕಲ್ಮೇಶನದು ಸೀರೆ ವ್ಯಾಪಾರ. ನೇಕಾರರಿಂದ ಸೀರೆ ಎತ್ತಿ ಹೊರ ಊರಿನ ಅಂಗಡಿಗಳಿಗೆ ಕಳಿಸುತ್ತಿದ್ದ. ಓಣಿಯ ತುಂಬ ಪವರ್‌ಲೂಮಿನ ಖಟಖಟ. ಹಾಗಾಗಿ ಈ ಮನೆಯ ಜಗಳ ಪಕ್ಕದ ಮನೆಗೆ ಕೇಳಿಸುತ್ತಿರಲಿಲ್ಲ. ಮಗ್ಗಗಳಿಂದ ದಾನೇಶ್ವರಿಗಾದ ಉಪಕಾರ ಅದೊಂದೇ.

ಹೊಸ ಸೊಸೆ ಮೊದಲು ಕೈ ಹಾಕಿದ್ದು ಅಡುಗೆಮನೆಗೆ. ಬೇಳೆ ಅರ್ಧ ಬೆಂದೊಡನೆ ಗ್ಯಾಸ್ ಆರಿಸಿ, ಪಾತ್ರೆಯನ್ನು ಹಳೆಯ ಕೌದಿಯಲ್ಲಿ ಸುತ್ತಿಟ್ಟಳು. ಉಳಿದರ್ಧ ಅದು ತನ್ನ ಕಾವಿನಲ್ಲೇ ಬೆಂದಿತು. ಸಂತೆಗೆ ಬೆಳಿಗ್ಗೆ ಹೋಗುವುದು ನಿಂತು, ವ್ಯಾಪಾರಿಗಳು ಗಂಟು ಕಟ್ಟುವ ಹೊತ್ತಿಗೆ ಹೋಗುವುದು ಶುರುವಾಯಿತು. ಜೋಳ ಸುಗ್ಗಿಯಲ್ಲೇ ಬೀಳಗಿ ಕಡೆಯ ರೈತರಿಂದ ಚೀಲಗಟ್ಟಲೆ ಬಂತು. ಫೋನಿನಿಂದ ಟಿಂಗ್ ಎಂದು ಹೋಗುವ ರೊಕ್ಕ ಹೋದದ್ದೇ ತಿಳಿಯುವುದಿಲ್ಲವೆಂದು ಮನೆಖರ್ಚನ್ನು ನೋಟಿನಲ್ಲೇ ಇಸಿದುಕೊಂಡಳು. ಮೊಬೈಲಿನಲ್ಲಿ ಕಂಡ ಸಾಮಾನನ್ನು ಕೊಳ್ಳುವ ಮೊದಲು ಒಂದು ವಾರ ಸುಮ್ಮನೆ ಬಿಡಬೇಕು ಎಂಬ ಕಾಯಿದೆಯೂ ಬಂತು. ವಾರ ಕಳೆಯುವಷ್ಟರಲ್ಲಿ ಮುಕ್ಕಾಲು ಆಸೆ ತಾನಾಗಿ ಸತ್ತಿರುತ್ತದೆ ಎಂದು ಅವಳ ವಾದ.

"ನನ್ನ ಮದಿವಿಗೂ ಒಂದ ವಾರ ಬಿಡಬೇಕಾಗಿತ್ತು," ಎಂದ ಕಲ್ಮೇಶ.

"ನಾ ಬಿಟ್ಟಿದ್ನಿ. ನಿಮ್ಮಪ್ಪಾರ ನಡಕ ಫೋನ್ ಮಾಡಿದ್ರು."

ಬಾಗಿಲ ಕಟ್ಟೆಯ ಮೇಲೆ ಕೂತ ಭೀಮಪ್ಪ ಎಲೆಗೆ ಸುಣ್ಣ ಹಚ್ಚುತ್ತ ಹೇಳಿದರು: "ಒಂದ ಮನ್ಯಾಗ ಎರಡ ಸರಕಾರ ಆದ್ವು. ನಾ ಯಾರಿಗೆ ಅರ್ಜಿ ಕೊಡ್ಲಿ?"

ಕಲ್ಮೇಶನ ಸರಕಾರ ನಡೆಯುತ್ತಿದ್ದದ್ದು ಮುರಗೆಪ್ಪನ ಚಹಾದಂಗಡಿಯಿಂದ. ದಾರಿಯಲ್ಲಿ ಹೋಗುವವರನ್ನು ಕರೆದು ಕರೆದು ಕುಡಿಸುತ್ತಿದ್ದ. ನೇಕಾರ, ಹಮಾಲ, ಆಟೋದವನು, ಯಾರಾದರೂ ಸರಿ.

"ನಿಮ್ಮ ಚಾದ ಖರ್ಚಿನ್ಯಾಗ ಒಂದ ಸಂಸಾರ ನಡೀತೈತಿ," ಎಂದಳು ಅವಳು.

"ನಡೀತೈತಲ್ಲ. ಮುರಗೆಪ್ಪಂದು."

"ನಗಬ್ಯಾಡ್ರಿ. ನಾ ಖರೇ ಹೇಳಾಕತ್ತೇನಿ."

"ನಾನೂ ಖರೇನ ಹೇಳ್ತೇನಿ ಮೇಡಂ. ಚಾ ಕುಡಿಸಲಾರದ ಬನಹಟ್ಯಾಗ ಒಂದ ಸೀರಿನೂ ಮಗ್ಗ ಬಿಟ್ಟು ಇಳಿಯಂಗಿಲ್ಲ. ಅದು ನಿಮ್ಮ ಬಿ.ಕಾಂ. ಪುಸ್ತಕದಾಗ ಇರಲಿಕ್ಕಿಲ್ಲ."

ಮರುದಿನದಿಂದ ಅವಳು ಫ್ಲಾಸ್ಕಿನಲ್ಲಿ ಮನೆಯ ಚಹಾ ಕಳಿಸಿದಳು. ಸಂಜೆ ಫ್ಲಾಸ್ಕ್ ಖಾಲಿಯಾಗಿ ಬಂತು. ಗೆದ್ದೆನೆಂದುಕೊಂಡಳು.

"ಎಲ್ಲಾ ಕುಡದ್ರೇನ್ರಿ?"

"ಮುರಗೆಪ್ಪ ಕುಡದ. ಅವಂಗ ಒಂದ ದಿನ ಆದ್ರೂ ಮತ್ತೊಬ್ಬರ ಮಾಡಿದ್ದು ಕುಡೀಬೇಕಂತ ಆಸೆ ಇತ್ತಂತ. ಛಲೋ ಆಗೈತಿ ಅಂದ, ಶುಂಠಿ ಒಂದೀಟ ಕಡಿಮಿ ಹಾಕ್ರಿ ಅಂದ."

ಅವಳು ಫ್ಲಾಸ್ಕ್ ಕಸಿದುಕೊಂಡು ಒಳಗೆ ಹೋದಳು. ಅಡುಗೆಮನೆಯಲ್ಲಿ ನಗು ಬಂತು. ಸೆರಗಿನ ಚುಂಗನ್ನು ಹಲ್ಲಲ್ಲಿ ಕಚ್ಚಿ ಹಿಡಿದು, ಅದು ಹೋಗುವವರೆಗೆ ಗೋಡೆಯನ್ನು ದುರುಗುಟ್ಟಿ ನೋಡಿದಳು. ಇವನ ಮುಂದೆ ಒಮ್ಮೆ ನಕ್ಕರೆ ಎಲ್ಲ ಸಡಿಲಾಗುತ್ತದೆ ಎಂಬ ಹೆದರಿಕೆ ಅವಳಿಗೆ.

ಹೆದರಿಕೆ ಇನ್ನೊಂದಿತ್ತು. ಮಧ್ಯಾಹ್ನ ಅವಳು ಕಿಟಕಿಯ ಬೆಳಕಿಗೆ ಕೂತು ಸೀರೆಗಳ ಸೆರಗಿಗೆ ಗೊಂಡೆ ಕಟ್ಟುತ್ತಿದ್ದಳು. ಅದರಿಂದ ನಾಲ್ಕು ಕಾಸು ಬರುತ್ತಿತ್ತು. ಮೋಡ ಕವಿದರೆ ಕಣ್ಣು ಕಿರಿದು ಮಾಡಿಕೊಂಡು ಕಟ್ಟುವಳು. ಊಟಕ್ಕೆ ಬಂದ ಕಲ್ಮೇಶ ಏನೂ ಮಾತಾಡದೆ ಟ್ಯೂಬ್‌ಲೈಟ್ ಹಾಕುವನು. ಅವಳು ಎದ್ದು ಆರಿಸುವಳು. ಅವನು ಮತ್ತೆ ಹಾಕುವನು.

"ಹಗಲ ಹೊತ್ತಿನ್ಯಾಗ ಯಾಕ್ರಿ ದೀಪ?"

"ಕಣ್ಣ ಕೆಡ್ತಾವ."

"ಕಣ್ಣ ನನ್ನವು."

"ಅವನ್ನ ದಿನಾ ನೋಡಾವ ನಾ."

ಸ್ವಿಚ್ಚಿನ ಮೇಲೆ ಅವಳ ಬೆರಳು, ಅದರ ಪಕ್ಕದಲ್ಲೇ ಅವನ ಬೆರಳು. ಅಂಗಿಯಿಂದ ಹೊಸ ಸೀರೆಯ ಗಂಜಿಯ ವಾಸನೆ. ಕಣ್ಣು ಎತ್ತಿದರೆ ಅವನ ಕಣ್ಣು ಆಗಲೇ ಅಲ್ಲಿ ಕಾಯುತ್ತಿತ್ತು, ಬಿಸಿಲಿಗೆ ಹಿಡಿದ ಜೇನಿನ ಬಣ್ಣದ್ದು, ಒಂದಿಷ್ಟೂ ನಾಚಿಕೆಯಿಲ್ಲದ್ದು. ಅವಳೇ ಮೊದಲು ಕೈ ತೆಗೆದಳು. ದೀಪ ಉರಿಯಿತು. ಆ ತಿಂಗಳ ಬಿಲ್ಲು ಬಂದಾಗ, ಇದಕ್ಕೆ ನೀವೇ ಕಾರಣ ಎಂದು ಒಂದು ಸಂಜೆಯಿಡೀ ಜಗಳ ತೆಗೆದಳು.

*

ಉಳಿಸಿದ್ದನ್ನು ಎಲ್ಲಿಡುವುದು? ಬನಹಟ್ಟಿಯ ಬ್ಯಾಂಕುಗಳಲ್ಲಿ ಕಲ್ಮೇಶನ ಗುರುತಿಲ್ಲದ ಮುಖವಿಲ್ಲ. ರಬಕವಿಯಲ್ಲಿ ದಾನೇಶ್ವರಿಯ ಕಾಲೇಜಿನ ಗೆಳತಿ ಪ್ರೀತಿ ಇದ್ದಳು. ಅವಳ ಓಣಿಯಲ್ಲಿ ಸುಂದರವ್ವ ಎಂಬ ಹಿರಿಯಳು ಹೆಂಗಸರ ಭಿಸಿ ನಡೆಸುತ್ತಿದ್ದಳು. ತಿಂಗಳಿಗೊಮ್ಮೆ ಎಲ್ಲರೂ ಸಮನಾಗಿ ರೊಕ್ಕ ಹಾಕುವುದು, ಚೀಟಿ ಎತ್ತುವುದು, ಹೆಸರು ಬಂದವಳಿಗೆ ಅಷ್ಟೂ ಗಂಟು ಒಮ್ಮೆಗೇ. ರಬಕವಿ ಬೇರೆ ಊರು, ಇಲ್ಲಿಯ ಸುದ್ದಿ ಅಲ್ಲಿಗೆ ಹೋಗಲಾರದು ಎಂದು ಅವಳು ಸೇರಿಕೊಂಡಳು. ಒಂದು ಊರು ಎಲ್ಲಿ ಮುಗಿದು ಇನ್ನೊಂದು ಎಲ್ಲಿ ಶುರುವಾಗುತ್ತದೆಂದು ಅಲ್ಲಿ ಹುಟ್ಟಿದವರೇ ಸರಿಯಾಗಿ ಹೇಳಲಾರರು. ಮುಧೋಳದವಳಿಗೆ ಹೇಗೆ ತಿಳಿಯಬೇಕು?

ದೀಪಾವಳಿ ಕಳೆದ ಮೇಲೆ ಅವಳ ಚೀಟಿ ಬಂತು. ಆಗ ಗೊತ್ತಾದದ್ದು ಸುಂದರವ್ವನ ಪದ್ಧತಿ. ಗಂಟನ್ನು ಹೆಸರು ಬಂದವಳ ಮನೆಯಲ್ಲೇ, ಅವಳ ದೇವರ ಜಗಲಿಯ ಮುಂದೆಯೇ ಕೊಡಬೇಕು. ಭಿಸಿಯ ಎಲ್ಲ ಹೆಂಗಸರೂ ಬರಬೇಕು, ಅವಲಕ್ಕಿ ಚಹಾ ಆಗಬೇಕು.

"ಪ್ರೀತಿ ಮನ್ಯಾಗ ಕೊಡ್ರಿ ಆಯಿ," ಎಂದು ದಾನೇಶ್ವರಿ ಬೇಡಿಕೊಂಡಳು.

"ಲಕ್ಷ್ಮಿನ ಮಂದಿ ಮನ್ಯಾಗ ಇಳಿಸಿ ಹೋಗ್ಲೇನ? ನಿನ್ನ ಹೊಸ್ತಿಲಾ ದಾಟಿ ಒಳಗ ಬಂದ ಕೊಡ್ತೇನಿ. ಹಂಗಿಲ್ಲಂದ್ರ ಮತ್ತೊಬ್ಬಾಕಿ ಚೀಟಿ ಎತ್ತತೇನಿ."

ಅವಳು ಮಂಗಳವಾರ ಮಧ್ಯಾಹ್ನ ಆರಿಸಿದಳು. ಅವತ್ತು ಭೀಮಪ್ಪ ಚಿಕ್ಕಪಡಸಲಗಿಯ ನೆಂಟರ ಮನೆಗೆ ಹೊರಟಿದ್ದರು. ಕಲ್ಮೇಶ ಸೀರೆಯ ಬಣ್ಣ ನೋಡಲು ಇಚಲಕರಂಜಿಗೆ ಹೋಗುವವನಿದ್ದ. ಹೋದರೆ ಬರುವುದು ಕತ್ತಲಾದ ಮೇಲೆಯೇ.

ಹೆಂಗಸರು ಬಂದರು. ಪಡಸಾಲೆ ತುಂಬಿತು. ಸುಂದರವ್ವ ಜಗಲಿಗೆ ಕುಂಕುಮ ಏರಿಸಿ, ಹೊಸ ಕುಬಸದ ಖಣದಲ್ಲಿ ಕಟ್ಟಿದ ಗಂಟನ್ನು ದಾನೇಶ್ವರಿಯ ಉಡಿಗೆ ಹಾಕಿದಳು. ಆ ಭಾರ ಉಡಿಯಲ್ಲಿ ಕೂತ ಕ್ಷಣಕ್ಕೇ ಹೊರಗೆ ಬೈಕು ನಿಂತ ಸದ್ದಾಯಿತು.

ಬಾಗಿಲಲ್ಲಿ ಕಲ್ಮೇಶ.

"ಇಚಲಕರಂಜಿಗೆ ಹೋಗ್ಲಿಲ್ಲೇನ್ರಿ?" ಅವಳ ದನಿ ಅವಳಿಗೇ ಕೇಳಿಸಲಿಲ್ಲ.

"ನೀನ ಅಂದಿದ್ಯಲ್ಲ, ಬಣ್ಣ ನೋಡಾಕ ಅಷ್ಟ ದೂರ ಯಾಕ, ವಿಡಿಯೊ ಕಾಲ್ ಮಾಡ್ರಿ ಅಂತ. ಮಾಡಿದ್ನಿ. ಕೆಲಸ ಆತು. ಖಾನಾವಳಿ ಊಟಾನೂ ಉಳೀಲಿ ಅಂತ ಮನಿಗೆ ಬಂದ್ನಿ."

ಪರೀಕ್ಷೆ ಪಾಸಾದವನ ಹೆಮ್ಮೆ ಅವನ ಮುಖದಲ್ಲಿತ್ತು. ಮದುವೆಯಾದ ಮೇಲೆ ಅವಳ ಮಾತೊಂದನ್ನು ಅವನು ಕೇಳಿದ್ದು ಅದೇ ಮೊದಲು.

"ಬಾ ತಮ್ಮಾ, ಛಲೋ ಹೊತ್ತಿಗೆ ಬಂದಿ," ಎಂದಳು ಸುಂದರವ್ವ. "ಪುಣ್ಯಾ ಮಾಡಿದ್ದಿ ನೋಡು. ಬಂದ ತಿಂಗಳದಿಂದ ಭಿಸಿ ಹಚ್ಯಾಳ ನಿನ್ನ ಹೇಣ್ತಿ. ಒಂದ ಸಲಾನೂ ತಪ್ಪಿಸಿಲ್ಲ. ನಿನಗ ಹೇಳಿರಬೇಕಲ್ಲ?"

ಅವನ ಕಣ್ಣು ಅವಳ ಉಡಿಗೆ ಹೋಯಿತು. ಅಲ್ಲಿಂದ ಮುಖಕ್ಕೆ ಬಂತು. ಹೆಮ್ಮೆ ಇಳಿದು ಹೋದದ್ದನ್ನು ಅವಳು ನೋಡಿದಳು, ಸಂಜೆ ಗೋಡೆಯಿಂದ ಬಿಸಿಲು ಇಳಿದ ಹಾಗೆ.

"ಗೊತ್ತೈತ್ರಿ ಆಯಿ," ಎಂದ ಕಲ್ಮೇಶ. "ನಾನ ಹಚ್ಚು ಅಂದಿದ್ನಿ."

ಆಮೇಲೆ ತಾನೇ ಹೋಗಿ ಪೇಡೆ ತಂದ. ಎಲ್ಲರಿಗೂ ಹಂಚಿದ. ಯಾರ ಮೊಮ್ಮಗನಿಗೆ ಹಲ್ಲು ಬಂತು, ಯಾರ ಮಗ್ಗ ಕೆಟ್ಟಿದೆ ಎಂದು ವಿಚಾರಿಸಿದ. ದಾನೇಶ್ವರಿಗೆ ಪೇಡೆ ಕೊಡುವಾಗ ಮಾತ್ರ ಅವಳ ಕೈಯ ಕಡೆ ನೋಡಿದ, ಮುಖದ ಕಡೆ ನೋಡಲಿಲ್ಲ.

ಹೆಂಗಸರು ಹೋದ ಮೇಲೆ ಅವನು ಕದ ಮುಂದೆ ಮಾಡಿದ. ಸದ್ದು ಜೋರಾಗಿರಲಿಲ್ಲ. ಅವಳಿಗೆ ಹೆದರಿಕೆಯಾದದ್ದು ಅದಕ್ಕೇ.

"ಯಾಕ?"

ಸುಳ್ಳುಗಳು ನಾಲಿಗೆಯ ತುದಿಗೆ ಬಂದವು. ಬಂಗಾರಕ್ಕೆಂದು ಹೇಳಬಹುದಿತ್ತು; ಅವ್ವನ ಔಷಧಕ್ಕೆಂದೂ. ಆದರೆ ಸುಳ್ಳು ಹೇಳಿದರೆ ಅದನ್ನು ದಿನಾ ಸಾಕಬೇಕಾಗುತ್ತದೆ.

"ಹೋಗಾಕ."

"ಎಲ್ಲಿಗೆ?"

"ಎಲ್ಲಿಗೆ ಅಂತ ಇಲ್ಲ. ಹೋಗಬೇಕಾದ್ರ ಹೋಗಾಕ ಬರಬೇಕಲ್ಲ."

ಅವನು ಕುರ್ಚಿಯ ಬೆನ್ನು ಹಿಡಿದುಕೊಂಡ. "ನನ್ನ ರೊಕ್ಕದಾಗ ನನ್ನ ಬಿಟ್ಟು ಹೋಗಾಕ."

"ನಿಮ್ಮದಲ್ಲ. ನಾ ತಿನ್ನಲಾರದ ಬಿಟ್ಟದ್ದು. ಉಡಲಾರದ ಬಿಟ್ಟದ್ದು."

"ಈಗ ಹೆಂಗಸರಿಗೆ ಬಸ್ ಫ್ರೀ ಐತಿ. ಅಷ್ಟ ತ್ರಾಸ ಯಾಕ ತಗೊಂಡಿ?"

"ಬಸ್ ಫ್ರೀ ಐತ್ರಿ. ಇಳದ ಮ್ಯಾಲಿನ ಮನಿ ಫ್ರೀ ಇಲ್ಲ."

ಆಗ ಅವಳು ಲೋಕಾಪುರದ್ದನ್ನು ಹೇಳಿದಳು. ಅಳಲಿಲ್ಲ. ಬಸ್ಸು, ಕಂಡಕ್ಟರ್, ಕಟ್ಟೆ, ಅದೇ ಕದ. ಬೇರೆ ಯಾರದೋ ಊರಿನ ಸುದ್ದಿ ಹೇಳಿದಂತೆ ಹೇಳಿ ಮುಗಿಸಿದಳು. ಓಣಿಯ ಮಗ್ಗಗಳು ಬಡಿಯುತ್ತಲೇ ಇದ್ದವು.

"ಅಂದ್ರ ನನ್ನ ನಿಮ್ಮಪ್ಪನ ಸಾಲಿನ್ಯಾಗ ಕುಂದ್ರಿಸೀದಿ," ಎಂದ ಅವನು. "ಒಂದ ದಿನಾನಾದ್ರೂ ನಿನ್ನ ಮ್ಯಾಲ ಕೈ ಎತ್ತೇನೇನ?"

"ಇಲ್ಲ."

"ಮತ್ತ?"

"ನಮ್ಮಪ್ಪಾನೂ ಮೊದಲನೇ ವರ್ಷ ಎತ್ತಿರಲಿಲ್ಲಂತ."

ಆ ಮಾತು ಹೊರಬಿದ್ದ ಮೇಲೆ ಅವಳಿಗೆ ಗೊತ್ತಾಯಿತು, ಇದನ್ನು ವಾಪಸು ತೆಗೆದುಕೊಳ್ಳಲು ಬರುವುದಿಲ್ಲ. ಅವನು ಬಿಸಿಲಿನಲ್ಲೇ ಬೈಕು ಹತ್ತಿ ಹೋದ. ರಾತ್ರಿ ಅವನಿಗೆಂದು ಬಡಿದ ರೊಟ್ಟಿಗಳು ಆರಿ ಗಟ್ಟಿಯಾದವು.

*

ಆಮೇಲಿನ ದಿನಗಳಲ್ಲಿ ಮನೆ ಬಹಳ ಅಗ್ಗವಾಗಿ ನಡೆಯಿತು. ಕಲ್ಮೇಶ ಮೊದಲಿನಂತೆ ಸಂಜೆ ಕರದಂಟು ಕಟ್ಟಿಸಿಕೊಂಡು ಬರಲಿಲ್ಲ. ದೀಪ ಹಾಕಲಿಲ್ಲ. ಬಡಿಸಿದಷ್ಟು ಉಂಡು ಎದ್ದ. ಮೋಡದ ಮಧ್ಯಾಹ್ನಗಳಲ್ಲಿ ಅವಳು ಮಬ್ಬಿನಲ್ಲೇ ಕೂತು ಗೊಂಡೆ ಕಟ್ಟಿದಳು. ಅವನು ಪಕ್ಕದಿಂದ ಹಾದು ಹೋದ. ತಾನು ಬಯಸಿದ ಗಂಡ ಇವನೇ, ಖರ್ಚಿಲ್ಲದವನು, ಮಾತಿಲ್ಲದವನು. ಅವಳಿಗೆ ಊಟ ಸೇರದಾಯಿತು.

ಒಂದು ದಿನ ಮುರಗೆಪ್ಪ ಓಣಿಯಲ್ಲಿ ಎದುರಾದ. "ಅಕ್ಕಾರ, ನಮ್ಮ ಕಡೆ ಸಾವಕಾರ ಹಾಯವಲ್ರು. ಮೈಯಾಗ ಆರಾಮ ಅದಾರಿಲ್ಲ?"

"ಆರಾಮ ಅದಾರ್ರಿ."

"ಮತ್ತ ಯಾಕ? ನಂದ ಏನರ ತಪ್ಪಾಗಿದ್ರ ಹೇಳ್ರಿ. ಗಿರಾಕಿ ಹೋದ್ರ ಹೋಗ್ಲಿ, ಮಾತಾಡಲಾರದ ಹೋಗ್ತಾರ ನೋಡ್ರಿ, ಅದು ತ್ರಾಸ ಆಕ್ಕೈತಿ."

ಮನೆಯಲ್ಲಿ ಭೀಮಪ್ಪ ಅಡಕೆ ಕತ್ತರಿಸುತ್ತ ಅವಳತ್ತ ನೋಡದೆ ಹೇಳಿದರು: "ನಿನ್ನಿ ಜಮಖಂಡಿಗೆ ಹೋಗಿದ್ದಂತ ಇವ. ಧರ್ಮರಾಜನ ಕಡೆ. ಯಾಕಂತ ಹೇಳವಲ್ಲ."

ಧರ್ಮರಾಜ ಕಲ್ಮೇಶನ ಜೊತೆ ಸಾಲಿ ಕಲಿತವನು. ಜಮಖಂಡಿಯಲ್ಲಿ ವಕೀಲ.

ಅವಳು ಒಲೆಯ ಮುಂದೆ ಹೋಗಿ ನಿಂತಳು. ಅಪ್ಪನೂ ಹೀಗೇ, ಕದ ಹಾಕುವ ಮುಂಚಿನ ದಿನಗಳಲ್ಲಿ ಮಾತು ಬಿಡುತ್ತಿದ್ದ. ವ್ಯತ್ಯಾಸವೆಂದರೆ ಇವನು ಕಾಗದದ ಮೇಲೆ ಕದ ಹಾಕುವವನು. ಒಳ್ಳೆಯದು. ಅವಳ ಹತ್ತಿರ ಈಗ ಗಂಟಿದೆ. ಇಷ್ಟು ದಿನ ಕೂಡಿಸಿದ್ದು ಇದಕ್ಕೇ ತಾನೇ. ಹಾಗೆಂದುಕೊಳ್ಳುತ್ತಲೇ ಸಾರಿಗೆ ಎರಡನೆಯ ಸಲ ಉಪ್ಪು ಹಾಕಿದಳು.

ಮರುದಿನ ಬೆಳಿಗ್ಗೆ ಅವನು ಬಾಗಿಲಲ್ಲಿ ನಿಂತು ಹೇಳಿದ: "ಜಮಖಂಡಿಗೆ ಹೋಗೂದೈತಿ. ಆಧಾರ ಕಾರ್ಡ ತಗೋ, ಎರಡ ಫೋಟೊ ತಗೋ. ಆ ಗಂಟೂ ತಗೋ."

"ಗಂಟ ಯಾಕ್ರಿ?"

"ನಿಂದಲ್ಲ ಅದು? ನೀನ ತಗೋಬೇಕು."

ಅವಳು ಒಳ್ಳೆಯ ಸೀರೆ ಉಟ್ಟಳು. ಹೊರಹಾಕಿಸಿಕೊಳ್ಳುವಾಗ ಹಳೆಯ ಸೀರೆಯಲ್ಲಿ ಇರಬಾರದು ಎನಿಸಿತು. ಬೈಕಿನ ಮೇಲೆ ಇಬ್ಬರ ನಡುವೆ ಚೀಲವಿಟ್ಟು ಕೂತಳು. ಎರಡೂ ಕಡೆ ಕಬ್ಬಿನ ಹೊಲ. ಎದುರಿನಿಂದ ಕಬ್ಬು ಹೇರಿದ ಟ್ರ್ಯಾಕ್ಟರುಗಳು. ಗಾಳಿಗೆ ಅವನ ಅಂಗಿ ಉಬ್ಬಿ ಅವಳ ಮೊಣಕೈಗೆ ತಾಗುತ್ತಿತ್ತು. ಪ್ರತಿ ಸಲವೂ ಅವಳು ಕೈ ಹಿಂದೆ ತೆಗೆದುಕೊಳ್ಳುತ್ತಿದ್ದಳು, ಮತ್ತೆ ಮುಂದೆ ಇಡುತ್ತಿದ್ದಳು.

ಬೈಕು ನಿಂತದ್ದು ಒಂದು ಬ್ಯಾಂಕಿನ ಮುಂದೆ.

"ವಕೀಲರ ಕಡೆ ಅಂತ ಮಾಡಿದ್ನಿ," ಎಂದಳು ತಡೆಯಲಾರದೆ.

"ಧರ್ಮರಾಜಗ ಒಂದ ಮಾತ ಕೇಳಬೇಕಾಗಿತ್ತು, ಕೇಳಿದ್ನಿ. ಹೇಣ್ತಿ ಹೆಸರಿನ ಮ್ಯಾಲ ಇದ್ದ ಖಾತಿಗೆ ಗಂಡ ಕೈ ಹಾಕಾಕ ಬರ್ತೈತೇನು ಅಂತ. ಬರಂಗಿಲ್ಲ ಅಂದ. ಹೌದಿಲ್ಲೋ ಅಂತ ಎರಡ ಸಲ ಕೇಳಿದ್ನಿ."

ಅವಳಿಗೆ ಮೊದಲು ಅರ್ಥವಾಗಲಿಲ್ಲ.

"ಬನಹಟ್ಯಾಗ ಬ್ಯಾಂಕ್ ಇಲ್ಲೇನ್ರಿ?"

"ಅಲ್ಲಿ ಎಲ್ಲಾರೂ ನನ್ನ ಚಾ ಕುಡದವರು. ನಿನ್ನ ಖಾತಿದಾಗ ಎಷ್ಟೈತಿ ಅಂತ ಕೇಳಿದ್ರ ಹೇಳಿಬಿಡ್ತಾರ. ನಾ ಕೇಳಂಗಿಲ್ಲ ಅಂತ ನನಗ ನಂಬಿಕಿ ಇಲ್ಲ. ಇಲ್ಲಿ ನನಗ ಯಾರೂ ಗುರ್ತಿಲ್ಲ." ಬೈಕಿನ ಕೀಲಿಯನ್ನು ಬೆರಳಲ್ಲಿ ತಿರುಗಿಸುತ್ತ ಅವನು ಹೇಳಿದ. ದನಿಯಲ್ಲಿ ಮೆದುತನವೇನೂ ಇರಲಿಲ್ಲ. "ಆ ಗಂಟ ಇಲ್ಲಿ ಇಡು. ಪ್ರತಿ ತಿಂಗಳ ನಾನೂ ಒಂದಿಷ್ಟ ಹಾಕ್ತೇನಿ."

"ನಿಮ್ಮ ರೊಕ್ಕ ನನಗ ಬ್ಯಾಡ."

"ನಿನಗ ಕೊಡಾಕತ್ತಿಲ್ಲ."

"ಮತ್ತ ಯಾರಿಗೆ?"

"ನನಗ." ಅವನು ಈಗ ಅವಳನ್ನು ನೆಟ್ಟಗೆ ನೋಡಿದ. ಅಷ್ಟು ದಿನಗಳ ಮೇಲೆ ಮೊದಲ ಸಲ. ಕಣ್ಣ ಕೆಳಗೆ ಕಪ್ಪು ಕಟ್ಟಿತ್ತು. "ನಿಮ್ಮವ್ವ ಆ ಮನ್ಯಾಗ ಯಾಕ ಇದ್ಲು ಅಂತ ನೀ ಹೇಳಿದಿ. ಹೋಗಾಕ ಏನೂ ಇರಲಿಲ್ಲ, ಅದಕ್ಕ ಇದ್ಲು. ಅವತ್ತಿನಿಂದ ನನಗ ನಿದ್ದಿ ಇಲ್ಲ. ರೊಕ್ಕ ಇಲ್ಲದ ಹೇಣ್ತಿ ಮನ್ಯಾಗ ಅದಾಳಂದ್ರ, ಆಕಿ ಯಾಕ ಅದಾಳ ಅಂತ ಗಂಡಗ ಹೆಂಗ ತಿಳೀಬೇಕು? ನೀ ಹೋಗಾಕ ಬರುವಂಗಿರು. ಇದ್ರ, ಇದ್ದದ್ದ ನಿಜ ಅಂತ ನನಗ ಗೊತ್ತಾಗ್ಲಿ."

ರಸ್ತೆಯಲ್ಲಿ ಟಂಟಂ ಆಟೋಗಳು ಹಾರನ್ ಹೊಡೆಯುತ್ತಿದ್ದವು. ಅವಳು ಚೀಲವನ್ನು ಒಂದು ಕೈಯಿಂದ ಇನ್ನೊಂದಕ್ಕೆ ಬದಲಿಸಿದಳು.

"ಸಿಟ್ಟ ಹೋಗೇತೇನ್ರಿ ನಿಮ್ಮದು?"

"ಇಲ್ಲ. ಸಿಟ್ಟಿನ್ಯಾಗ ಮಾಡಾಕತ್ತೇನಿ. ನಡಿ ಒಳಗ, ಮಂದಿ ಹೆಚ್ಚ ಆಗ್ತಾರ."

ಒಳಗೆ ಅವನು ಅವಳ ಜೊತೆ ಕೌಂಟರಿಗೆ ಬರಲಿಲ್ಲ. ದೂರದ ಬೆಂಚಿನ ಮೇಲೆ ಗೋಡೆಯ ಕಡೆ ಮುಖ ಮಾಡಿ ಕೂತ. ಅವಳು ಗಂಟು ಬಿಚ್ಚಿ ರೊಕ್ಕ ಕೊಡುವಾಗ ತಿರುಗಿ ನೋಡಿದಳು. ಅವನು ಗೋಡೆಯ ಮೇಲಿನ ಸಾಲದ ಜಾಹೀರಾತನ್ನು ಅಕ್ಷರ ಕಲಿಯುವವನ ಹಾಗೆ ಓದುತ್ತಿದ್ದ. ಕಿವಿಯ ಹಿಂದೆ ಬೆವರು ಇಳಿಯುತ್ತಿತ್ತು. ಒರೆಸಿಕೊಳ್ಳುವುದೂ ಅವನಿಗೆ ನೆನಪಿರಲಿಲ್ಲ. ದಾನೇಶ್ವರಿ ಇಷ್ಟು ದಿನ ಈ ಮನುಷ್ಯನಲ್ಲಿ ಖರ್ಚನ್ನಷ್ಟೇ ನೋಡಿದ್ದಳು.

ಹೊರಗೆ ಬಂದಾಗ ಅವನು ಬೈಕು ತಿರುಗಿಸಿಕೊಂಡು ನಿಂತಿದ್ದ.

"ಹತ್ತು."

"ಇಲ್ರಿ. ನಾ ಬಸ್ಸಿಗೆ ಹೋಗ್ತೇನಿ."

ಅವನ ಕೈ ಹ್ಯಾಂಡಲ್ಲಿನ ಮೇಲೆ ಹಾಗೇ ಉಳಿಯಿತು. ಕೇಳಬಾರದೆಂದುಕೊಂಡಿದ್ದನ್ನೇ ಕೇಳಿದ.

"ಯಾವ ಊರ ಬಸ್ಸಿಗೆ?"

ಅವನನ್ನು ಇನ್ನೊಂದು ಕ್ಷಣ ಕಾಯಿಸುವ ಆಸೆ ಅವಳಿಗಾಯಿತು. ಆದರೆ ಆಗಲಿಲ್ಲ.

"ಬನಹಟ್ಟಿ ಬಸ್ಸಿಗೆ. ನಿಮ್ಮ ಬೈಕಿನ ಮ್ಯಾಲ ಬಂದ್ರ ನೀವ ಕರಕೊಂಡ ಬಂದಂಗ ಆಕ್ಕೈತಿ. ನಾನಾಗೇ ಬಂದದ್ದು ನಿಮಗ ಹೆಂಗ ಗೊತ್ತಾಗಬೇಕು?"

ಅವನಿಗೆ ಅದು ತಿಳಿಯಲು ಒಂದಿಷ್ಟು ಹೊತ್ತು ಹಿಡಿಯಿತು. ತಿಳಿದ ಮೇಲೂ ಅವನು ನಗಲಿಲ್ಲ. ಹೆಲ್ಮೆಟ್ ಹಾಕಿಕೊಂಡು, ಬೆಲ್ಟು ಸಿಗಿಸಲು ಹೋಗಿ ಸಿಗಿಸಲಾಗದೆ, ಹಾಗೇ ಬಿಟ್ಟ.

ಬಸ್ಸಿನಲ್ಲಿ ಕಿಟಕಿಯ ಪಕ್ಕ ಸೀಟು ಸಿಕ್ಕಿತು. ಕಂಡಕ್ಟರ್ ಬಂದ.

"ಆಧಾರ ತೋರಸ್ರಿ ಅಕ್ಕಾರ. ಎಲ್ಲಿಗೆ?"

"ಮನಿಗೆ."

"ನಮ್ಮ ಮಷಿನ್ಯಾಗ ಮನಿ ಅಂತ ಸ್ಟಾಪ್ ಇಲ್ರಿ. ಊರ ಹೇಳ್ರಿ."

ಅವಳು ನಕ್ಕುಬಿಟ್ಟಳು, ಯಾರಿಗೂ ಹೆದರದೆ. ಮುಂದಿನ ಸೀಟಿನ ಮುದುಕಿ ತಿರುಗಿ ನೋಡಿದಳು. "ಬನಹಟ್ರಿ," ಎಂದಳು ದಾನೇಶ್ವರಿ. ಕಿಟಕಿಯಾಚೆ ಬೈಕೊಂದು ಬಸ್ಸಿನ ಜೊತೆ ಜೊತೆಗೇ ಬರುತ್ತಿತ್ತು. ಒಮ್ಮೆ ಹಿಂದೆ, ಒಮ್ಮೆ ಮುಂದೆ. ಅವಳು ಗಾಜು ಸರಿಸಿ, ಮುಂದೆ ಹೋಗಿರಿ ಎಂದು ಕೈ ಬೀಸಿದಳು. ಅವನು ಹೋಗಲಿಲ್ಲ. ಊರು ಹತ್ತಿರವಾದ ಮೇಲೆ ಒಮ್ಮೆಗೇ ವೇಗ ಹೆಚ್ಚಿಸಿ ಕಬ್ಬಿನ ಟ್ರ್ಯಾಕ್ಟರುಗಳ ಮರೆಗೆ ಹೋದ.

ಬನಹಟ್ಟಿಯಲ್ಲಿ ಅವಳು ಇಳಿದಾಗ ಅವನು ಬಸ್ಸಿನ ಬಾಗಿಲಿನೆದುರೇ ನಿಂತಿದ್ದ. ಕೂದಲು ಕೆದರಿತ್ತು. ಉಸಿರು ಓಡಿ ಬಂದವನದು.

"ಬಂದ್ಯಾ?"

"ಬಂದ್ನಿ."

"ಖರೇನ?"

"ಬೇಕಾದ್ರ ಕಂಡಕ್ಟರನ್ನ ಕೇಳ್ರಿ."

ಅವನು ನಿಜವಾಗಿಯೂ ಕಂಡಕ್ಟರನ ಕಡೆ ತಿರುಗಿದ. ಅಷ್ಟರಲ್ಲಿ ಅವಳು ಅವನ ಕೈ ಹಿಡಿದಳು. ಹಗಲು ಹೊತ್ತಿನಲ್ಲಿ, ತುಂಬಿದ ಬಸ್ ಸ್ಟ್ಯಾಂಡಿನಲ್ಲಿ, ಹೂವಿನವಳು ನೋಡುತ್ತಿರುವಾಗ, ಹಮಾಲರು ನೋಡುತ್ತಿರುವಾಗ. ಅವನ ಬೆರಳುಗಳು ಒಂದು ಗಳಿಗೆ ಏನು ಮಾಡಬೇಕೆಂದು ತಿಳಿಯದೆ ಇದ್ದವು. ಆಮೇಲೆ ತಿಳಿದುಕೊಂಡವು.

"ಮಂದಿ ನೋಡಾಕತ್ತಾರ," ಎಂದ ಕಲ್ಮೇಶ ಪಿಸುದನಿಯಲ್ಲಿ.

"ನೋಡ್ಲಿ," ಎಂದಳು ದಾನೇಶ್ವರಿ. "ಇದಕ್ಕೇನ ಖರ್ಚಿಲ್ಲ."